ಏಳು ದಿನ ಮನೆಯಲ್ಲಿರಲಾಗದವರು

ಜಕ್ಕೂರಿನ ಹಳೇ ಊರಿನಲ್ಲಿ ಧನಲಕ್ಷ್ಮಿಯ ಸಿಟ್ಟಿಗೆ ಒಳ್ಳೆಯ ಹೆಸರೇ ಇತ್ತು. ಪೋಲಿಯೊ ಹನಿಗೆ ಹೆದರಿ ಮೊಮ್ಮಗುವನ್ನು ಬಚ್ಚಿಟ್ಟ ಅಜ್ಜಿಯರನ್ನೂ, ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕದ ಅತ್ತೆಯರನ್ನೂ ಬೀದಿಯಲ್ಲೇ ನಿಲ್ಲಿಸಿ ಬೈದವಳು ಅವಳು. ಬೈಸಿಕೊಂಡವರೇ ಮರುದಿನ ಕರೆದು ಕಾಫಿ ಕೊಡುತ್ತಿದ್ದರು. ಆಶಾ ಕಾರ್ಯಕರ್ತೆಯಾಗಿ ಒಂಬತ್ತು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ತನ್ನ ಬೀದಿಯ ಆರು ಜನ ಕಣ್ಣೆದುರೇ ಹೋದರು. ಅಲ್ಲಿಂದಾಚೆಗೆ ಅವಳ ಬೈಗುಳದಲ್ಲಿ ತಮಾಷೆ ಉಳಿಯಲಿಲ್ಲ.

2021ರ ಡಿಸೆಂಬರಿನಲ್ಲಿ ಆರೋಗ್ಯ ಕೇಂದ್ರದ ಡಾಕ್ಟರು ಅವಳ ಕೈಗೊಂದು ಪಟ್ಟಿ ಕೊಟ್ಟರು. ಹೊರದೇಶಗಳಲ್ಲಿ ಒಮಿಕ್ರಾನ್ ಎಂಬ ಹೊಸ ತಳಿ ಎದ್ದಿತ್ತು. ಅಲ್ಲಿಂದ ಬಂದಿಳಿದವರ ಹೆಸರು, ಮನೆ ನಂಬರು, ಫೋನು ಅದರಲ್ಲಿದ್ದವು.

"ಏರ್‌ಪೋರ್ಟಲ್ಲಿ ನೆಗೆಟಿವ್ ಬಂದ್ರೂ ಏಳು ದಿನ ಮನೇಲೇ ಇರ್ಬೇಕು. ಎಂಟನೇ ದಿನ ಇನ್ನೊಂದು ಟೆಸ್ಟು," ಎಂದರು ಡಾಕ್ಟರು. "ಒಳಗೆ ಸೇರ್ಕೊಂಡ ವೈರಸ್ಸು ಟೆಸ್ಟಲ್ಲಿ ಕಾಣೋಕೆ ಎರಡು ಮೂರು ದಿನ ಬೇಕು ಧನಲಕ್ಷ್ಮಿ. ವಿಮಾನ ಅಷ್ಟು ಹೊತ್ತು ಕಾಯಲ್ಲ."

ಪಟ್ಟಿಯಲ್ಲಿದ್ದ ಒಂದು ಹೆಸರು ಅನಿಕೇತ್. ಕಂಪನಿಯ ಮೀಟಿಂಗಿಗೆಂದು ಹೋಗಿ, ಎರಡು ವಿಮಾನ ಬದಲಿಸಿ ಬಂದಿದ್ದ. ಮನೆ ಕೆರೆಯಾಚೆಯ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿ. ಬಾಗಿಲಿಗೆ ಅಂಟಿಸುವ ಕ್ವಾರಂಟೈನ್ ಚೀಟಿ ಹಿಡಿದು ಹೋದವಳನ್ನು ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷ ವೇಣುಗೋಪಾಲ ಗೇಟಿನಲ್ಲೇ ತಡೆದರು.

"ಅದೆಲ್ಲಾ ಬೇಡಮ್ಮ. ಬಾಡಿಗೆಗೆ ಬರೋರು ಹೆದರ್ತಾರೆ. ಇಲ್ಲಿರೋರೆಲ್ಲ ಓದ್ದೋರು, ನಮ್ಗೆ ಗೊತ್ತಾಗಲ್ವಾ? ದಿನಾ ವೀಡಿಯೊ ಕಾಲ್ ಮಾಡಿ ನೋಡ್ಕೊಳ್ಳಿ."

ಅವಳ ಪಟ್ಟಿಯಲ್ಲಿ ಇನ್ನೂ ಇಪ್ಪತ್ಮೂರು ಮನೆಗಳಿದ್ದವು. ವಾದಕ್ಕೆ ನಿಲ್ಲದೆ ಹೊರಟುಹೋದಳು.

ನಾಲ್ಕು ದಿನ ವೀಡಿಯೊ ಕಾಲ್ ಮಾಡಿದಳು. ನಾಲ್ಕೂ ದಿನ ಅನಿಕೇತ್ ಪುಸ್ತಕದ ಕಪಾಟಿನ ಮುಂದೆ ಕೂತು, "ಫೈನ್ ಮೇಡಂ, ಮನೇಲೇ ಇದೀನಿ," ಎಂದ. ಅವಳು ಹಾಗೆಯೇ ಬರೆದುಕೊಂಡಳು.

ಐದನೆಯ ದಿನ ಅದೇ ಅಪಾರ್ಟ್‌ಮೆಂಟಿನ ಬಸುರಿಯೊಬ್ಬಳನ್ನು ನೋಡಲು ಹೋದವಳು, ಗೇಟಿನ ಬಳಿ ನಿಂತೇ ಅನಿಕೇತನಿಗೂ ಫೋನು ಹಚ್ಚಿದಳು. ಅದೇ ಕಪಾಟು, ಅದೇ ನಗು. ರಸ್ತೆಯಲ್ಲಿ ತಳ್ಳುಗಾಡಿಯವನ ಮೈಕು, "ದಂಟು, ಮೆಂತ್ಯ, ಸಬ್ಬಸಿಗೇ..." ಎಂದು ಕೂಗಿತು. ಒಂದು ಗಳಿಗೆ ಬಿಟ್ಟು ಅದೇ ಕೂಗು ಅವಳ ಫೋನಿನೊಳಗಿಂದಲೂ ಬಂತು. ಧನಲಕ್ಷ್ಮಿ ತಲೆಯೆತ್ತಿದಳು. ಸೊಪ್ಪಿನ ಗಾಡಿಯ ಹಿಂದೆ, ಗೇಟು ತೆರೆಯಲೆಂದು ಕಾಯುತ್ತ, ಕಾರಿನಲ್ಲಿ ಅನಿಕೇತ್ ಕೂತಿದ್ದ. ಕಪಾಟು, ಹಿನ್ನೆಲೆಗೆಂದು ಫೋನು ತೋರಿಸುವ ಬರೀ ಚಿತ್ರವಾಗಿತ್ತು.

"ಸಾರು ದಿನಾ ಹೋಗ್ತಾರಲ್ರೀ," ಎಂದ ಗೇಟಿನ ಕಾವಲಿನ ಮುರಿಗೆಪ್ಪ. "ಹೋಗಬಾರ್ದು ಅಂತ ನಮಗ್ಯಾರೂ ಹೇಳೇ ಇಲ್ಲ."

ಅವಳು ಕಾರಿನ ಗಾಜು ಬಡಿದಳು. ಅನಿಕೇತ್ ಅರ್ಧ ಇಳಿಸಿ, "ನೆಗೆಟಿವ್ ಬಂದಿದೆ ಮೇಡಂ, ಎರಡು ಡೋಸೂ ಆಗಿದೆ. ಸುಮ್ನೆ ಸೀನ್ ಮಾಡ್ಬೇಡಿ," ಎಂದು ಒಳಗೆ ಹೋದ. ಡಾಕ್ಟರು ಅವನಿಗೆ ಫೋನಿನಲ್ಲಿ ಎಚ್ಚರಿಕೆ ಕೊಟ್ಟರು. ಅಷ್ಟೇ ಆಯಿತು.

ಮರುದಿನ ಧನಲಕ್ಷ್ಮಿಯ ಚಿಕ್ಕಮ್ಮ ಮುನಿಕೆಂಪಮ್ಮನಿಗೆ ಜ್ವರ ಬಂತು. ಅರವತ್ತು ದಾಟಿದ ಜೀವ, ಮೊದಲೇ ಉಬ್ಬಸ. ಆ ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಯಾವ ಮನೆ ಚಿಕ್ಕಮ್ಮ? ಹನ್ನೊಂದನೇ ಮಹಡೀನಾ?"

"ಊಂ ಕಣೇ. ಆವಯ್ಯ ಕೆಮ್ತಾ ಇದ್ದ, ಪಾಪ. ನಾನೇ ಸುಂಟಿ ಕಸಾಯ ಕಾಸ್ಕೊಟ್ಟೆ. ಇಂಗಿಂಗೆ ಅಂತ ಅವ್ರೇನೂ ಏಳ್ಲೇ ಇಲ್ವಲ್ಲ."

ಧನಲಕ್ಷ್ಮಿಗೆ ತಾನು 'ಮನೆಯಲ್ಲೇ ಇದ್ದಾರೆ' ಎಂದು ಬರೆದ ನಾಲ್ಕು ಸಾಲು ನೆನಪಾಗಿ ತನ್ನ ಕೈಯನ್ನೇ ಕಚ್ಚಿಕೊಳ್ಳುವಂತಾಯಿತು.

ಟೆಸ್ಟು ಮಾಡಿದಾಗ ಅನಿಕೇತ್, ಮುನಿಕೆಂಪಮ್ಮ ಇಬ್ಬರಿಗೂ ಪಾಸಿಟಿವ್ ಬಂತು, ಇಬ್ಬರನ್ನೂ ಆಸ್ಪತ್ರೆಯ ಪ್ರತ್ಯೇಕ ವಾರ್ಡಿಗೆ ಸಾಗಿಸಿದರು. ಯಾರ್ಯಾರನ್ನು ಭೇಟಿಯಾಗಿದ್ದಿರಿ ಎಂದು ಧನಲಕ್ಷ್ಮಿ ವಾರ್ಡಿಗೆ ಫೋನು ಮಾಡಿ ಕೇಳಿದಾಗ ಅನಿಕೇತನ ದನಿ ಇಳಿದಿತ್ತು. ಆಫೀಸು, ಸಂಜಯನಗರದಲ್ಲೊಂದು ನಾಮಕರಣ, ಹೆಬ್ಬಾಳದಲ್ಲೊಂದು ಹೋಟೆಲು. ಆಮೇಲೆ ತಡವರಿಸುತ್ತ, ನಾಮಕರಣಕ್ಕೆ ಬಂದಿದ್ದ ಅತ್ತೆಯ ಮಗಳು ಗೌತಮಿಯನ್ನು ತಾನೇ ಏರ್‌ಪೋರ್ಟಿಗೆ ಬಿಟ್ಟುಬಂದೆ ಎಂದ. ಅವಳಾಗಲೇ ಸಿಂಗಪುರದಲ್ಲಿದ್ದಳು.

"ಅವಳ ಹೆಸ್ರು ಬರೀಬೇಡಿ ಮೇಡಂ, ಪ್ಲೀಸ್. ಅಲ್ಲಿ ತೊಂದ್ರೆ ಆಗತ್ತೆ."

"ಅಲ್ಲಿ ಅವ್ರ ಮನೇಲೂ ಯಾರೋ ಪಾತ್ರೆ ತೊಳೀತಿರ್ತಾರಲ್ಲ ಸಾರ್, ಅವ್ರಿಗೇನಾಗತ್ತೆ?" ಎಂದು ಕೇಳಿದಳು ಧನಲಕ್ಷ್ಮಿ. ವಿಮಾನದ ನಂಬರಿನ ಸಮೇತ ಹೆಸರು ಬರೆದಳು.

ಅತ್ತ ಹಳೇ ಊರಿನಲ್ಲಿ ಮುನಿಕೆಂಪಮ್ಮನ ಗಲ್ಲಿಗೆ ಅಡ್ಡ ಗಳ ಕಟ್ಟಿದರು. ಟಿವಿಯವರು ಬಂದು ಅವಳ ಹೊಸಿಲು, ಒಲೆ, ಕಟ್ಟಿದ್ದ ಆಡು ಎಲ್ಲವನ್ನೂ ತೋರಿಸಿದರು. ಅಪಾರ್ಟ್‌ಮೆಂಟಿನ ಮುಂದೆ ಒಂದು ಹಗ್ಗವೂ ಇರಲಿಲ್ಲ. ಲಿಫ್ಟಿನಲ್ಲಿ ಮಾತ್ರ ಹೊಸ ನೋಟಿಸು ಬಿದ್ದಿತ್ತು: ಮನೆಕೆಲಸದವರಿಂದ ಸೋಂಕು ಹರಡುತ್ತಿರುವುದರಿಂದ ಅವರಿಗೆ ಪ್ರವೇಶವಿಲ್ಲ. ಮುರಿಗೆಪ್ಪ ಅದರ ಫೋಟೊ ತೆಗೆದು ಧನಲಕ್ಷ್ಮಿಗೆ ಕಳಿಸಿದ.

ಆ ಸಂಜೆ ಸಂಘದ ಸಭೆ ನಡೆದಿತ್ತು. ಧನಲಕ್ಷ್ಮಿ ನೇರ ಒಳಗೆ ಹೋಗಿ ಫೋನಿನಲ್ಲಿದ್ದ ನೋಟಿಸಿನ ಫೋಟೊವನ್ನು ವೇಣುಗೋಪಾಲರ ಮುಂದಿಟ್ಟಳು.

"ಓದಿ ಸಾರ್, ನೀವು ಓದ್ದೋರಲ್ವಾ. ನಮ್ಮ ಚಿಕ್ಕಮ್ಮ ಯಾವ ವಿಮಾನದಲ್ಲಿ ಬಂದ್ಲು ಅಂತ ಬರೆದಿದೀರಾ ಇದ್ರಲ್ಲಿ? ಜಕ್ಕೂರಿಂದ ಯಲಹಂಕ ದಾಟಿದ್ರೆ ಬಸ್ಸಲ್ಲಿ ವಾಂತಿ ಮಾಡ್ಕೊಳೋಳು ಅವಳು! ಯಾರೂ ದೇಶ ಸುತ್ತಬೇಡಿ ಅನ್ನಲ್ಲ ನಾನು. ಸುತ್ತಿ. ಬಂದ್ಮೇಲೆ ಏಳು ದಿನ, ಮೂರು ರೂಮಿನ ಮನೇಲಿ, ಕೂತ್ಕೊಳಕ್ಕಾಗಲ್ವಾ ನಿಮಗೆ?"

"ಮೆಲ್ಲಗೆ ಮಾತಾಡಮ್ಮ," ಎಂದರು ವೇಣುಗೋಪಾಲ.

"ಮೆಲ್ಲಗೆ ಮಾತಾಡಿದ್ದಕ್ಕೇ ಅವಳು ಆಕ್ಸಿಜನ್ ಮೇಲಿದಾಳೆ."

ಹಿಂದಿನ ಸಾಲಿನ ಹೆಂಗಸೊಬ್ಬಳು ಎದ್ದು ಹೋಗಿ, ಲಿಫ್ಟಿನಲ್ಲಿದ್ದ ನೋಟಿಸನ್ನು ಕಿತ್ತು ತಂದು ಮೇಜಿನ ಮೇಲೆ ಹಾಕಿದಳು.

ಎರಡು ವಾರದ ಮೇಲೆ ಲ್ಯಾಬಿನಿಂದ ವರದಿ ಬಂತು. ಇಬ್ಬರಿಗೂ ತಗಲಿದ್ದು ಒಂದೇ, ಆ ಹೊಸ ತಳಿಯೇ. ಗೌತಮಿಯದು ಏನಾಯಿತೆಂದು ಇಲ್ಲಿಗೆ ಯಾರೂ ತಿಳಿಸಲಿಲ್ಲ. ಅಷ್ಟರಲ್ಲಿ ಊರ ತುಂಬ ಕೆಮ್ಮು ಹಬ್ಬಿ, ಯಾರಿಂದ ಯಾರಿಗೆ ಎಂದು ಹುಡುಕುವುದನ್ನೇ ಎಲ್ಲರೂ ಕೈಬಿಟ್ಟಿದ್ದರು. ವೇಣುಗೋಪಾಲರು ಕೊಟ್ಟ ದೂರು ಮಾತ್ರ ಸರಿಯಾಗಿ ಬಂದು ತಲುಪಿತು. ಒರಟಾಗಿ ನಡೆದುಕೊಂಡಿದ್ದಕ್ಕೆ ಕಾರಣ ಕೊಡಿ ಎಂದು ಆರೋಗ್ಯ ಇಲಾಖೆಯಿಂದ ನೋಟಿಸು ಬಂತು. ಧನಲಕ್ಷ್ಮಿ ಕ್ಷಮೆ ಕೇಳದೆ, ನಡೆದದ್ದನ್ನೆಲ್ಲ ತಾರೀಖಿನ ಸಮೇತ ನಾಲ್ಕು ಪುಟ ಬರೆದುಕೊಟ್ಟಳು.

ಮುನಿಕೆಂಪಮ್ಮ ಬದುಕಿ ಬಂದಳು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು ಅನ್ನುವಷ್ಟೇ ಉಸಿರು ಉಳಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಅನಿಕೇತನ ಹೆಂಡತಿ ಮಹತಿ ಫೋನು ಮಾಡಿ, ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಿದಳು. ಮುನಿಕೆಂಪಮ್ಮ ಇಲ್ಲವೆನ್ನಲು ಬಾಯಿ ಬಾರದೆ ಫೋನನ್ನು ಧನಲಕ್ಷ್ಮಿಯ ಕೈಗೆ ಕೊಟ್ಟಳು.

"ಬರಲ್ಲ," ಎಂದಳು ಧನಲಕ್ಷ್ಮಿ. "ಹೇಗಿದಾಳೆ ಅಂತ ಕೇಳೋದಿದ್ರೆ ಕೇಳಿ, ಹೇಳ್ತೀನಿ."

ಮಹತಿ ಕೇಳಲಿ ಎಂದು ಧನಲಕ್ಷ್ಮಿ ಫೋನು ಇಡದೆ ಕಾದಳು.