ತೊಳೆದು ಕೊಟ್ಟ ಒಂದು ತೊಟ್ಟು

ನಮ್ಮ ಯಜಮಾನರು ಲಾಂಡ್ರಿ ಇಟ್ಟಿದ್ದರು. ಬಟ್ಟೆಯ ಕಲೆ ನೋಡಿಯೇ ಆ ಮನೆಯ ಸುದ್ದಿ ಹೇಳುತ್ತಿದ್ದರು, ನನಗೆ ಮಾತ್ರ. ಅವರು ತೀರಿಹೋಗಿ ಮೂರು ತಿಂಗಳಾಯಿತು. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅಂಗಡಿಯಲ್ಲ, ಆಸ್ಪತ್ರೆ.

ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಅತ್ತೆ ನನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಪರೀಕ್ಷೆ ಮಾಡಿಸಿದರೆ ನನ್ನದೆಲ್ಲ ಸರಿಯಿತ್ತು. ಇವರ ವೀರ್ಯಾಣು ಕಡಿಮೆ, ಓಟವೂ ಕಡಿಮೆ. ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಹೇಳಿಬಿಟ್ಟರು: "ಅಮ್ಮಾ, ಇನ್ಮೇಲೆ ನಿಟ್ಟುಸಿರು ಈ ಕಡೆ ಬಿಡು. ತೊಂದರೆ ನನ್ನದು."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟು ನನ್ನ ಅಂಡ ಬೆಳೆಸುತ್ತಾರೆ. ಬಲಿತದ್ದು ಸ್ಕ್ಯಾನಿನಲ್ಲಿ ಕಂಡರೆ, ಅದು ಹೊರಬರಲು ಒಂದು ಇಂಜೆಕ್ಷನ್. ಆಮೇಲೆ ಇವರ ವೀರ್ಯ ತೊಳೆದು, ಚುರುಕಾದವನ್ನು ಆರಿಸಿ, ನನ್ನ ಗರ್ಭಕೋಶದೊಳಗೆ ಬಿಡುತ್ತಾರೆ.

"ತೊಳೀತೀರಾ? ಸೋಪು ಹಾಕ್ತೀರಾ ಮೇಡಂ?" ಎಂದರು ಇವರು.

"ಸೋಪು ಹಾಕಿದ್ರೆ ಒಂದೂ ಉಳಿಯಲ್ಲ. ಅದಕ್ಕೇ ಬೇರೆ ದ್ರವ ಇದೆ. ಮಿಷನ್‌ನಲ್ಲಿ ಗಿರಗಿರ ತಿರುಗಿಸ್ತೀವಿ."

"ಹಾಗಾದ್ರೆ ನಮ್ಮ ಕಸುಬೇ ಬಿಡಿ!"

ಒಳಗೆ ಬಿಡುವ ದಿನ, ತೊಳೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಇವರು ಬಗ್ಗಿದವರು ಏಳಲೇ ಇಲ್ಲ.

"ಏನ್ರೀ ಕಾಣುತ್ತೆ?"

"ಓಡ್ತಿದಾವೆ ಕಣೇ. ದಾರಿ ಯಾರು ಹೇಳಿಕೊಟ್ರೋ!"

ಕಡ್ಡಿಯಷ್ಟು ತೆಳ್ಳಗಿನ ಮೆತ್ತನೆಯ ನಳಿಕೆ. ಅದರಲ್ಲಿ ಒಂದು ತೊಟ್ಟು. ಒಳಗೆ ಚುರುಕ್ ಎಂದಿತು, ಅಷ್ಟೇ. ಸ್ವಲ್ಪ ಹೊತ್ತು ಮಲಗಿದ್ದೆ.

"ನಮ್ಮ ಕೆಲಸ ಮುಗೀತು. ಇನ್ನು ಅಂಡದ ತನಕ ಅವೇ ಈಜಬೇಕು. ಸೇರುತ್ತೋ ಇಲ್ವೋ, ನಮ್ಮ ಕೈಲಿಲ್ಲ," ಎಂದರು ಡಾಕ್ಟರಮ್ಮ.

ಎರಡು ವಾರ ಕಾದೆವು. ಗರ್ಭ ನಿಲ್ಲಲಿಲ್ಲ. ನಾನು ಮುಟ್ಟಾದೆ. ಅಂದು ಇವರು ಅಂಗಡಿ ತೆರೆಯಲಿಲ್ಲ. ಮತ್ತೊಮ್ಮೆ ಮಾಡಿಸಿದೆವು, ಆಗಲೂ ನಿಲ್ಲಲಿಲ್ಲ. ಮೂರನೆಯ ಸಲ ನಿಂತಿತು.

ಸ್ಕ್ಯಾನಿನ ಪರದೆಯಲ್ಲಿ ಕಾಳಿನಷ್ಟು ಏನೋ ಮಿಣಮಿಣ ಎನ್ನುತ್ತಿತ್ತು. ಹೃದಯವಂತೆ.

"ಅದನ್ನ ಶುರು ಮಾಡಿದ್ದು ಯಾರು ಮೇಡಂ? ನೀವಾ?"

"ನಾನಲ್ಲಪ್ಪ. ತಾನಾಗೇ ಶುರುವಾಗುತ್ತೆ."

ಇವರು ತೆರೆದ ಬಾಯಿ ಮುಚ್ಚಲಿಲ್ಲ.

ಮೂರು ತಿಂಗಳ ಹಿಂದೆ ಅವರ ಹೃದಯವೂ ತಾನಾಗಿಯೇ ನಿಂತಿತು, ಇಸ್ತ್ರಿ ಮೇಜಿನ ಪಕ್ಕದಲ್ಲಿ. ಮಗಳಿಗೆ ಈಗ ಆರು ವರ್ಷ. ಶಾಲೆಯಿಂದ ಓಡಿ ಬಂದು ತಬ್ಬಿಕೊಂಡರೆ ಅವಳ ಎದೆ ನನ್ನ ಹೊಟ್ಟೆಗೆ ಢವಢವ ಬಡಿಯುತ್ತದೆ. ನಾನು ಹಿಡಿದುಕೊಂಡೇ ಇರುತ್ತೇನೆ.

"ಬಿಡಮ್ಮಾ, ಉಸಿರು ಕಟ್ಟುತ್ತೆ," ಎನ್ನುತ್ತಾಳೆ.