ಸಖೀರಿನ ಮರಳಿನಲ್ಲಿ ಕಲ್ಲಣಬೆ

ಫೆಬ್ರವರಿಯ ಒಂದು ಶುಕ್ರವಾರ, ಬೆಳಗ್ಗೆ ಏಳರ ಹೊತ್ತಿಗೆ, ಬಹರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಕಟ್ಟಡದ ಕೆಳಗೆ ಹಮೀದಾಕನ ವ್ಯಾನು ಬಂದು ನಿಂತಿತು. ಅತ್ತೆ ಅದಕ್ಕೂ ಮೊದಲೇ ಕೆಳಗಿಳಿದು ಕಾಯುತ್ತಿದ್ದರು. ಅಣಬೆ ಹೆಕ್ಕಲು ನಮ್ಮ ಫ್ಲ್ಯಾಟಿನಲ್ಲಿ ಬುಟ್ಟಿ ಎಲ್ಲಿಂದ ಬರಬೇಕು? ಒಂದು ಕೈಯಲ್ಲಿ ಅಕ್ಕಿ ತೊಳೆಯುವ ಪ್ಲಾಸ್ಟಿಕ್ ಜರಡಿ, ಇನ್ನೊಂದರಲ್ಲಿ ನನ್ನ ದೋಸೆ ಸಟ್ಟುಗ. ಮದುವೆ ಮನೆಯ ಅಡುಗೆಗೆ ಹೊರಟವರಂತೆ ಕಾಣುತ್ತಿದ್ದರು. ಆರು ತಿಂಗಳ ಬಸುರಿಯಾದ ನನಗೆ ಮೆಟ್ಟಿಲು ಇಳಿಯುವುದೇ ಅರ್ಧ ಪ್ರಯಾಣ. ನನ್ನ ಹಿಂದೆ ಗಂಡ ಸುಧಾಕರ ಎರಡು ತಲೆದಿಂಬು ಹಿಡಿದುಕೊಂಡು ಗೊಣಗುತ್ತ ಬಂದರು.

"ಬಸುರಿ ಹೆಂಗಸನ್ನು ಯಾರಾದ್ರೂ ಮರುಭೂಮಿಗೆ ಕರ್ಕೊಂಡು ಹೋಗ್ತಾರಾ ಅಮ್ಮ?"

"ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಗದ್ದೆಗೆ ಇಳಿದಿದ್ದೇನೆ. ಸುಮ್ನೆ ಹತ್ತು ಮಾರಾಯ," ಎಂದರು ಅತ್ತೆ.

ನಾನೂ ಹಟ ಹಿಡಿದು ಹೊರಟಿದ್ದೆ. ಅತ್ತೆಯ ಟಿಕೆಟ್ ಮುಂದಿನ ಗುರುವಾರಕ್ಕಿತ್ತು. ಮುಂಬಯಿಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಮೂಡಬಿದ್ರೆ. ನನ್ನ ಹೆರಿಗೆ ಮೇ ತಿಂಗಳಿಗೆ. ನನಗೆ ತಾಯಿ ಇಲ್ಲ, ಅಕ್ಕತಂಗಿಯರೂ ಇಲ್ಲ. ಸುಮ್ಮನೆ ನಮ್ಮನ್ನು ನೋಡಲು ಬಂದಿದ್ದ ಅತ್ತೆಯನ್ನು ಬಾಣಂತನಕ್ಕೆಂದೇ ಉಳಿಸಿಕೊಂಡಿದ್ದೆವು. ಅವರು ಹೊರಟುಹೋದರೆ ಚೊಚ್ಚಲ ಮಗುವನ್ನು ಕೈಯಲ್ಲಿ ಹಿಡಿದುಕೊಂಡು ನಾನು ಏನು ಮಾಡಬೇಕು ಎಂದು ತೋಚುತ್ತಿರಲಿಲ್ಲ. ಇರಿ ಎಂದು ಬೇಡಿಕೊಂಡಾಗಲೆಲ್ಲ ಅವರದು ಒಂದೇ ಉತ್ತರ: "ಕಾಲವೇ ಇಲ್ಲದ ಊರಲ್ಲಿ ಬಾಣಂತನ ಮಾಡ್ಲಿಕ್ಕೆ ನನಗೆ ಗೊತ್ತಿಲ್ಲ. ಸೆಕೆಗೆ ಎಂತ ಕೊಡುವುದು, ಥಂಡಿಗೆ ಎಂತ ಕೊಡುವುದು ಅಂತ ಆಕಾಶ ನೋಡಿ ಹೇಳುವವಳು ನಾನು. ಇಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಅವರನ್ನು ದೂರಿ ಪ್ರಯೋಜನವಿರಲಿಲ್ಲ. ಅವರು ಬಂದದ್ದು ಜುಲೈಯಲ್ಲಿ. ಆಟಿ ತಿಂಗಳ ಮಳೆ ಜಡಿಯುತ್ತಿದ್ದ ಊರಿನಿಂದ ಬಂದು ಇಳಿದವರ ಮುಖಕ್ಕೆ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಹೊಡೆದಿತ್ತು. ಆಗಸ್ಟಿನಲ್ಲಿ ಕಿಟಕಿ ಗಾಜಿನ ಹೊರಗೆ ನೀರು ಇಳಿಯುವುದನ್ನು ಕಂಡು ಮಳೆಯೆಂದು ಓಡಿಹೋಗಿ ನೋಡಿದ್ದರು. ಅದು ಬರೀ ಗಾಳಿಯ ಪಸೆ. ನವೆಂಬರಿನಲ್ಲಿ ಒಂದು ಸಂಜೆ ನಿಜವಾಗಿಯೂ ಗುಡುಗಿತು, ಹತ್ತು ನಿಮಿಷ ಮಳೆ ಬಂತು. ಅತ್ತೆ ಬಾಲ್ಕನಿಯಲ್ಲಿ ನಿಂತು, "ಇನ್ನು ಕಲ್ಲಣಬೆ ಏಳ್ತದೆ," ಎಂದರು.

ನಮ್ಮ ಕಡೆ ಮೊದಲ ಗುಡುಗಿಗೆ ಮುರಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಹುಲ್ಲು ಬಯಲಿನಲ್ಲಿ, ಮಣ್ಣೊಳಗಿಂದ ಗೋಲಿಯಂಥ ಅಣಬೆ ಏಳುತ್ತದೆ. ಗುಡುಗಿದ ವಾರದೊಳಗೆ ಕೆರೆಯದಿದ್ದರೆ ಒಳಗೆ ಕಪ್ಪಾಗಿಬಿಡುತ್ತದೆ. ಆ ಲೆಕ್ಕದಲ್ಲೇ ಮರುವಾರ ಅವರ ಕಾಟಕ್ಕೆ ಸೋತು ರಿಫ್ಫಾದ ಆಚೆಗೆ ಹೋಗಿ, ಮೂವರೂ ಬಗ್ಗಿ ಮರಳು ಕೆದರಿದ್ದೆವು. ಸಿಕ್ಕಿದ್ದು ಒಂದು ಪೆಪ್ಸಿ ಡಬ್ಬಿ. "ಈ ಊರಿನ ಗುಡುಗೂ ಬಂಜೆ," ಎಂದು ಅತ್ತೆ ಮಾತು ನಿಲ್ಲಿಸಿದರು. ಊಟ ಅರ್ಧಕ್ಕಿಳಿಯಿತು, ಟಿಕೆಟ್ಟಿನ ಮಾತು ಶುರುವಾದದ್ದೂ ಆಮೇಲೆಯೇ.

ಹಮೀದಾಕ ಉಚ್ಚಿಲದ ಬ್ಯಾರಿ. ಸಿತ್ರಾದಲ್ಲಿ ಸುಧಾಕರ ಕೆಲಸ ಮಾಡುವ ಕಾರ್ಖಾನೆಯ ಶಿಫ್ಟಿನ ಬಸ್ಸು ಓಡಿಸುತ್ತಿದ್ದರು. ಬಸ್ಸಿನಲ್ಲಿ ಸುಧಾಕರ ಈ ಕಥೆ ಹೇಳಿದಾಗ ಅವರು ಸ್ಟಿಯರಿಂಗ್ ಬಿಟ್ಟು ನಕ್ಕರಂತೆ. "ಇಲ್ಲಿ ಗುಡುಗಿದ ಮೇಲೆ ಎರಡು ಮೂರು ತಿಂಗಳು ಕಾಯ್ಬೇಕು ಸಾರ್. ಈಗ ಸಮಯ. ಶುಕ್ರವಾರ ನಾನೇ ಕರ್ಕೊಂಡು ಹೋಗ್ತೇನೆ. ಬಾಡಿಗೆ ಬೇಡ, ಅಣಬೆ ಪದಾರ್ಥದಲ್ಲಿ ಪಾಲು ಕೊಡಿ. ಮತ್ತೆ ಜುಮಾ ನಮಾಜಿಗೆ ಮುಂಚೆ ವಾಪಸು." ಹೀಗೆ ನಮ್ಮ ಪ್ರವಾಸ ನಿಶ್ಚಯವಾಯಿತು.

ಸಿತ್ರಾ ಸೇತುವೆ ಹತ್ತುವಾಗ ಬಲಗಡೆಯ ತಗ್ಗು ನೀರಿನಲ್ಲಿ ರಾಜಹಂಸಗಳು ನಿಂತಿದ್ದವು. ಗುಲಾಬಿ ಬಣ್ಣದ ಉದ್ದ ಕಾಲು, ತಲೆ ನೀರೊಳಗೆ. ಅವು ಚಳಿಗೆ ಬಂದು ಬೇಸಿಗೆಗೆ ಹೋಗುವ ಹಕ್ಕಿಗಳು ಎಂದು ಹಮೀದಾಕ ತುಳುವಿನಲ್ಲಿ ವಿವರಿಸಿದರು. "ಅವಕ್ಕೂ ಬುದ್ಧಿ ಉಂಟು," ಎಂದರು ಅತ್ತೆ. ನಾನು ತಲೆದಿಂಬಿಗೆ ಒರಗಿಕೊಂಡೆ. ಕ್ಯಾಸೆಟ್ಟಿನಲ್ಲಿ ಯಾವುದೋ ಹಳೆಯ ಹಿಂದಿ ಹಾಡು ಎಳೆದೆಳೆದು ಹಾಡುತ್ತಿತ್ತು.

ರಿಫ್ಫಾ ದಾಟಿ, ಅವಾಲಿಯ ಎಣ್ಣೆ ಕೊಳವೆಗಳ ಪಕ್ಕದಲ್ಲಿ ಹಾದು, ಮುಕ್ಕಾಲು ಗಂಟೆಯಲ್ಲಿ ಸಖೀರಿನ ಬಯಲಿಗೆ ಬಂದೆವು. ಗಾಳಿ ತಣ್ಣಗಿತ್ತು; ನಾನು ಸೆರಗನ್ನು ಕಿವಿಗೆ ಸುತ್ತಿಕೊಂಡೆ. ದೂರದೂರಕ್ಕೆ ಬಿಳಿ ಡೇರೆಗಳು. ಚಳಿಗಾಲದಲ್ಲಿ ಬಹರೈನಿನವರು ಮನೆ ಬಿಟ್ಟು ವಾರಗಟ್ಟಲೆ ಇಲ್ಲಿ ಬೀಡುಬಿಡುತ್ತಾರೆ. ನವೆಂಬರಿನಲ್ಲಿ ಬೋಳಾಗಿದ್ದ ನೆಲದ ಮೇಲೆ ಈಗ ತೆಳ್ಳಗೆ ಹಸಿರು ಹರಡಿತ್ತು. ಓರೆಯಾಗಿ ನೋಡಿದರೆ ಕಾಣುತ್ತದೆ, ನೇರ ನೋಡಿದರೆ ಇಲ್ಲ. ಅತ್ತೆ ವ್ಯಾನಿನಿಂದ ಇಳಿದು, ಚಪ್ಪಲಿ ಕಳಚಿ, ಬರಿಗಾಲನ್ನು ಮಣ್ಣಿನ ಮೇಲೆ ಒತ್ತಿ ನೋಡಿದರು.

"ಇದು ನಮ್ಮ ಪದವಿನ ಹಾಗೇ ಉಂಟಲ್ಲ! ಮುಳಿಹುಲ್ಲು ಮಾತ್ರ ಇಲ್ಲ."

ಹಮೀದಾಕನ ಜೊತೆ ಕೆಲಸ ಮಾಡುವ ಅಬು ಯೂಸುಫ್ ಎಂಬವರ ಡೇರೆ ಅಲ್ಲಿತ್ತು. ಅವರ ತಾಯಿ ಕಪ್ಪು ಅಬಾಯಾ ಹೊದ್ದ ಗಟ್ಟಿ ಮುದುಕಿ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರೂ ಅವರನ್ನು ಹಜ್ಜಾ ಎನ್ನುತ್ತಿದ್ದರು. ನನ್ನ ಹೊಟ್ಟೆ ನೋಡಿದ್ದೇ ತಡ, ತಮ್ಮ ಜಾಗದ ಕಂಬಳಿಯನ್ನೇ ಎಳೆದು ನನ್ನನ್ನು ಕೂರಿಸಿ, ಖರ್ಜೂರ, ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಆಮೇಲೆ ಅತ್ತೆಯ ಕೈಯ ಸಟ್ಟುಗ ನೋಡಿ ಬಿದ್ದು ಬಿದ್ದು ನಕ್ಕರು. ತಮ್ಮ ಅಬಾಯಾದೊಳಗಿಂದ ಒಂದು ಮುರಿದ ಸಾರಿನ ಚಮಚ ತೆಗೆದು ತೋರಿಸಿದಾಗ ಅತ್ತೆಯೂ ನಕ್ಕರು. ಅತ್ತೆ ನಕ್ಕದ್ದನ್ನು ನಾನು ನೋಡದೆ ಎಷ್ಟು ಕಾಲವಾಗಿತ್ತೋ.

ಇಬ್ಬರೂ ಮುಂದೆ, ನಾವು ಹಿಂದೆ. ಹಜ್ಜಾ ಆಕಾಶ ತೋರಿಸಿ ಬಾಯಲ್ಲಿ ಗುಡುಗಿನ ಸದ್ದು ಮಾಡಿದರು, ನೆಲ ತೋರಿಸಿದರು, ಮುಷ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದರು. ಗುಡುಗಿಲ್ಲದ ಮಳೆಗೆ ಫಗಾ ಹುಟ್ಟುವುದಿಲ್ಲವಂತೆ ಎಂದು ಹಮೀದಾಕ ಅನುವಾದಿಸಿದರು. ಫಗಾ ಎಂದರೆ ಮರಳಿನೊಳಗಿನ ಆ ಅಣಬೆ.

"ಅದನ್ನು ನನಗೆ ಹೇಳ್ಬೇಕಾ?" ಎಂದರು ಅತ್ತೆ. ಆಮೇಲೆ ನಿಂತು, "ಎರಡು ಮೂರು ತಿಂಗಳು ಎಂತಕ್ಕಂತೆ? ನಮ್ಮಲ್ಲಿ ವಾರದಲ್ಲಿ ಏಳ್ತದಲ್ಲ," ಎಂದು ಹಮೀದಾಕನಿಂದ ಕೇಳಿಸಿದರು.

ಹಜ್ಜಾ ಭುಜ ಕುಣಿಸಿ ಏನೋ ಹೇಳಿದರು. "ನಿಮ್ಮಲ್ಲಿ ಮಳೆ ಮತ್ತೆ ಮತ್ತೆ ಬರ್ತದೆ. ಇಲ್ಲಿ ಒಂದೇ ಸಲ ಬರುವುದು, ಅದನ್ನು ಮಣ್ಣು ನಿಧಾನ ಉಣ್ಣುತ್ತದಂತೆ," ಎಂದರು ಹಮೀದಾಕ. ಅತ್ತೆ ತಲೆಯಾಡಿಸಿದರು.

ಅರ್ಧ ಗಂಟೆ ಏನೂ ಸಿಗಲಿಲ್ಲ. ನನಗೆ ಒಳಗೊಳಗೇ ಭಯವಾಯಿತು. ಇವತ್ತೂ ಬರಿಗೈಯಾದರೆ ಗುರುವಾರದ ವಿಮಾನವನ್ನು ಯಾವ ದೇವರೂ ತಡೆಯುವುದಿಲ್ಲವೆಂದು ಗೊತ್ತಿತ್ತು. ಸುಧಾಕರ ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಅತ್ತೆ ಒಂದು ಕುಳ್ಳ ಗಿಡದ ಬಳಿ ಕೂತೇಬಿಟ್ಟರು. ಅಲ್ಲಿ ನೆಲ ತುಸು ಉಬ್ಬಿ, ಬಿರುಕು ಬಿಟ್ಟಿತ್ತು. ಸಟ್ಟುಗದ ತುದಿ ಹಾಕಿ ಮೆಲ್ಲಗೆ ಎತ್ತಿದರು. ದೊಡ್ಡ ನಿಂಬೆಹಣ್ಣಿನಷ್ಟು, ಮಣ್ಣು ಮೆತ್ತಿದ ಒಂದು ಉಂಡೆ. ಉಗುರಿನಿಂದ ಸೀಳಿದರು; ಒಳಗೆ ಬೆಳ್ಳಗಿತ್ತು. ಮೂಸಿದರು.

"ಅದೇ," ಎಂದರು. "ಅದೇ ಪರಿಮಳ ಮಾರಾಯ್ತಿ. ಮೊದಲ ಮಳೆಯದ್ದು."

ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಂತೂ ಆಗಲೇ ಧಾರೆಯಾಗಿತ್ತು. ಬಸುರಿಗೆ ಅಳಲು ದೊಡ್ಡ ಕಾರಣ ಬೇಕಿಲ್ಲ. ಹಜ್ಜಾ ಆ ಉಂಡೆಯನ್ನು ಪರೀಕ್ಷಿಸಿ, "ಜೈನ್, ಜೈನ್," ಅಂದರೆ ಚೆನ್ನಾಗಿದೆ, ಎಂದು ಅತ್ತೆಯ ಬೆನ್ನು ತಟ್ಟಿದರು. ಆಮೇಲೆ ಇಬ್ಬರಿಗೂ ತಡೆ ಇರಲಿಲ್ಲ. ಜರಡಿ ಮುಕ್ಕಾಲು ತುಂಬಿತು.

ಡೇರೆಗೆ ಮರಳಿ ಅಣಬೆಯ ಮರಳು ತೊಳೆಯುತ್ತ ಕುಳಿತಾಗ ಹಜ್ಜಾ ನನ್ನ ಹೆರಿಗೆಯ ತಿಂಗಳು ಕೇಳಿದರು. ಇಲ್ಲಿಂದ ಹಮೀದಾಕನ ಪಾಡು ನಾಯಿಪಾಡಾಯಿತು. ಬಾಣಂತಿಗೆ ಮೊದಲ ವಾರ ಏನು ಕೊಡಬೇಕು, ಹೊಟ್ಟೆಗೆ ಬಟ್ಟೆ ಎಷ್ಟು ಬಿಗಿಯಾಗಿ ಸುತ್ತಬೇಕು, ಹಾಲು ಕಡಿಮೆಯಾದರೆ ಏನು ಮಾಡಬೇಕು, ಎಲ್ಲವೂ ಆ ಮನುಷ್ಯನ ಬಾಯಿಯಿಂದಲೇ ದಾಟಬೇಕಿತ್ತು. ಕಿವಿ ಕೆಂಪಾಗಿಸಿಕೊಂಡು, ಕಂಬಳಿಯ ಅಂಚು ನೋಡುತ್ತ ಅನುವಾದಿಸಿದರು. "ಹಿಲ್ಬಾ ಕೊಡ್ಬೇಕಂತೆ. ಮೆಂತೆ."

"ನಾನೂ ಮೆಂತೆಯೇ ಕೊಡುವುದು. ಸೆಕೆಯಲ್ಲಿ ಉಷ್ಣ ಆಗುವುದಿಲ್ಲವಾ ಕೇಳು."

"ಅಮ್ಮಾ, ನನ್ನ ಹೆಂಡತಿಗೇ ನಾನು ಇಷ್ಟು ಕೇಳ್ಲಿಲ್ಲ!" ಎಂದರು ಹಮೀದಾಕ.

"ಈಗ ಕಲಿ. ಕೇಳು."

ಕೇಳಿದರು. ಸೆಕೆಗೆ ಅರ್ಧ ಮಾಡಿ, ಹಾಲಿನಲ್ಲಿ ಕೊಡಬೇಕೆಂದು ಉತ್ತರ ಬಂತು. ಅತ್ತೆ ಬಾಯಲ್ಲೇ ಒಮ್ಮೆ ಹೇಳಿಕೊಂಡರು. ಹೊರಡುವಾಗ ಹಜ್ಜಾ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಪ್ರಾರ್ಥಿಸಿದರು, ತಾವು ಹೆಕ್ಕಿದ್ದರಲ್ಲೂ ನಾಲ್ಕು ಉಂಡೆ ಜರಡಿಗೆ ಹಾಕಿದರು.

ಹನ್ನೊಂದಕ್ಕೆ ಮೊದಲೇ ಹೊರಟೆವು. ಅತ್ತೆ ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಇದಕ್ಕೆ ತೆಂಗಿನಕಾಯಿ ಹುರಿದು ಹಾಕಬೇಕೋ ಹಸಿಯೇ ಸಾಕೋ ಎಂದು ತಾವೇ ಕೇಳಿಕೊಂಡು ತಾವೇ ಉತ್ತರಿಸಿಕೊಳ್ಳುತ್ತಿದ್ದರು. ಮತ್ತೆ ಸೇತುವೆ ಬಂತು; ನೀರು ಇಳಿದು ರಾಜಹಂಸಗಳು ದೂರ ಹೋಗಿದ್ದವು.

"ಹಮೀದ್, ಇಲ್ಲಿ ಮೇ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ?" ಎಂದು ಅತ್ತೆ ಕೇಳಿದರು.

"ಬಡಗಿನಿಂದಮ್ಮ. ಧೂಳು ತರ್ತದೆ."

"ಹಾಗಾದ್ರೆ ತೊಟ್ಟಿಲು ಆ ಕಿಟಕಿ ಹತ್ರ ಬೇಡ."

ನಾನು ತಿರುಗಿ ಅವರ ಮುಖ ನೋಡಿದೆ. ಸುಧಾಕರ ಮಾತ್ರ ಎಂದಿನಂತೆ ತಡವಾಗಿ, "ಮೇಗೆ ನೀನು ಊರಲ್ಲಿ ಇರ್ತಿಯಲ್ಲಮ್ಮ, ಗುರುವಾರದ ಟಿಕೆಟ್..." ಎಂದರು.

"ಇದನ್ನು ತೊಳೆದು, ಬೇಯಿಸಿ, ತಿಂದು ಮುಗಿಸ್ಲಿಕ್ಕೆ ಗುರುವಾರ ಸಾಕಾಗುವುದಿಲ್ಲ," ಎಂದರು ಅತ್ತೆ. "ಮತ್ತೆ ಮುಂದಿನ ಗುಡುಗಿಗೆ ಬರ್ತೇನೆ ಅಂತ ಆ ಹಜ್ಜಾಗೆ ಮಾತು ಕೊಟ್ಟಾಗಿದೆ. ಆಗ ಮಗುವಿಗೆ ಆರು ತಿಂಗಳು. ಎತ್ತಿಕೊಂಡು ಹೋಗುವ."

ಎಷ್ಟೋ ವಾರಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹೋಗಿತ್ತು. ಹಿಂದಿನ ಗಾಜಿನಲ್ಲಿ ಬಯಲು ಆಗಲೇ ಮರೆಯಾಗಿತ್ತು, ಆದರೂ ತಿರುಗಿ ನೋಡಿದೆ. ಅತ್ತೆ ನನ್ನ ಕೈಯಲ್ಲಿ ಜರಡಿ ಇಟ್ಟು, "ಹಿಡ್ಕೋ, ಉರುಳಿಸ್ಬೇಡ," ಎಂದರು.