ಕಕ್ಕೆ ಸಾಲಿನ ಪಾಲಾಕ್ಷಪ್ಪ

ಪಾಲಾಕ್ಷಪ್ಪನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ನಾನು ಬರೆಯದಿದ್ದರೆ ಇನ್ನಾರೂ ಬರೆಯುವುದಿಲ್ಲ.

ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ ಊರು ಮುಗಿಯುವ ಕಡೆ ನಮ್ಮ ಬಡಾವಣೆ ಇದೆ. ಮೊದಲು ಆ ರಸ್ತೆ ಎಷ್ಟು ಬೋಳಾಗಿತ್ತೆಂದರೆ, ಬಸ್ಸಿಗೆ ಕಾಯುವವರು ಕರೆಂಟ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತಿದ್ದರು. ಹತ್ತು ವರ್ಷದ ಹಿಂದೆ ನಾವು ನಿವಾಸಿಗಳು ಒಂದು ಸಂಘ ಮಾಡಿಕೊಂಡು, ರಸ್ತೆಯುದ್ದಕ್ಕೂ ಅಂದವಾದ ಹೂಮರಗಳನ್ನು ಬೆಳೆಸೋಣ ಎಂದುಕೊಂಡೆವು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿದ್ದ ನಾನು ಕಾರ್ಯದರ್ಶಿ. ಮೈಸೂರು ಕಡೆಯ ನಿವೃತ್ತ ಎಂಜಿನಿಯರ್ ಶ್ರೀನಾಥರು ಅಧ್ಯಕ್ಷರು. ಅವರು ಪಾಮ್ ಇರಲಿ ಎಂದರು, ನಾನು ಗುಲ್‌ಮೊಹರ್ ಎಂದು ಹಟ ಹಿಡಿದೆ. ಮೂರು ಸಭೆ ನಡೆದರೂ ಒಂದು ಎಲೆಯೂ ಚಿಗುರಲಿಲ್ಲ.

ಗುಂಡಿ ತೋಡಲು ಕರೆಸಿದ್ದ ಪಾಲಾಕ್ಷಪ್ಪ ಹೆಂಡತಿಯೊಂದಿಗೆ ಬಾಗಿಲಲ್ಲಿ ಕೂತಿದ್ದ. ಆ ಹೆಂಗಸು, ಮರುಳಸಿದ್ದಮ್ಮ, ನಮ್ಮ ಜಗಳ ಕೇಳಿ ಕೇಳಿ ಸಾಕಾಗಿ ಎದ್ದು ನಿಂತಳು.

"ಕಕ್ಕಿ ಹಚ್ರಿ ಯಪ್ಪಾ. ನಮ್ಮ ಗುಡೇಕೋಟಿ ಗುಡ್ಡದಾಗ ಯಾರೂ ನೀರು ಹಾಕದನ ಬೆಳಿತೈತಿ. ಆಡು ಕುರಿ ಬಾಯಿ ಹಾಕಲ್ಲ. ಬ್ಯಾಸಿಗ್ಯಾಗ ಎಲ್ಲಾ ಒಣಗಿ ನಿಂತಾಗ ಅದೊಂದ ಹಳದಿ ಹೂವು ಬಿಡತೈತಿ ನೋಡ್ರಿ."

ಕುರಿ ಕಾಯ್ದು ಬೆಳೆದವಳ ಮಾತಿಗೆ ಎದುರಾಡಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಅವಳೇ ತವರಿಗೆ ಹೋಗಿ ಮೊಳದುದ್ದದ ಕಪ್ಪು ಕಾಯಿ ತಂದಳು. ಬೀಜವನ್ನು ಕಲ್ಲಿಗೆ ತಿಕ್ಕಿ, ಬಿಸಿನೀರಿನಲ್ಲಿ ನೆನೆಹಾಕಿ, ಹಾಲಿನ ಪಾಕೀಟಿನಲ್ಲಿ ಮಣ್ಣು ತುಂಬಿ ಊರಿದಳು. ಮುಂದಿನ ಮಳೆಗಾಲಕ್ಕೆ ಅವನು ಗುಂಡಿ ತೋಡಿದ, ಅವಳು ಸಸಿ ಇಟ್ಟಳು. ಒಟ್ಟು ಮೂವತ್ತನಾಲ್ಕು. ಬೇರು ಇಳಿಯುವ ತನಕ ಎರಡು ಬೇಸಿಗೆ ಇಬ್ಬರೂ ತಳ್ಳುಗಾಡಿಯಲ್ಲಿ ಕೊಡ ಇಟ್ಟುಕೊಂಡು ನೀರು ಹೊತ್ತರು. ಮುಂದೆ ಅವನು ಸಂಘದ ಆಳಾಗಿಯೇ ಉಳಿದ. ಅವರಿಗೆ ಮಕ್ಕಳಿರಲಿಲ್ಲ. ಅದನ್ನೇ ಹಿಡಿದು ಕಥೆ ಕಟ್ಟುವ ಆಸೆ ನನಗಿಲ್ಲ; ಮಕ್ಕಳಿರಲಿಲ್ಲ, ಅಷ್ಟೆ.

ಏಳನೇ ವರ್ಷ ಮೊದಲ ಹೂ ಬಿಟ್ಟಿತು. ಮರುಳಸಿದ್ದಮ್ಮ ಅದಕ್ಕೆ ಒಂಬತ್ತು ತಿಂಗಳ ಮೊದಲೇ ಕಾಮಾಲೆಯಾಗಿ ತೀರಿಹೋಗಿದ್ದಳು. ಪಾಲಾಕ್ಷಪ್ಪ ಒಂದು ಗೊಂಚಲು ಮುರಿದುಕೊಂಡು ಹೋಗಿ ಅವಳ ಫೋಟೊಕ್ಕೆ ಏರಿಸಿ, "ನೀ ಹೇಳಿದ್ದು ಖರೇನ ಐತಿ" ಎಂದನಂತೆ. ಆಮೇಲೆ ಯಾರೂ ಹೇಳದಿದ್ದರೂ ದಿನಾ ಬೆಳಿಗ್ಗೆ ಬಂದು ಉದುರಿದ ಹೂ ಗುಡಿಸುತ್ತಿದ್ದ. ಆ ಸಾಲು, ಆ ಫೋಟೊ ಬಿಟ್ಟರೆ ಅವಳದೆಂದು ಅವನಿಗೆ ಉಳಿದದ್ದು ಬೇರೇನೂ ಇರಲಿಲ್ಲ.

ಹೋದ ವರ್ಷ ಯುಗಾದಿಗೆ ಮುಂಚೆ ಕಕ್ಕೆಯ ಬುಡದಲ್ಲೆಲ್ಲ ಜಾಲಿ, ಪಾರ್ಥೇನಿಯಂ ದಟ್ಟವಾಗಿ ಬೆಳೆದು, ಅಲ್ಲೊಂದು ಹಾವೂ ಕಂಡಿತು. ಮೈಸೂರಿಗೆ ಹೋಗಿದ್ದ ಶ್ರೀನಾಥರು ಅಲ್ಲಿಂದಲೇ ಫೋನ್ ಮಾಡಿ, "ಗಿಡಗಳನ್ನೆಲ್ಲ ತೆಗೆಸಿಬಿಡಿ ಮೇಷ್ಟ್ರೇ, ಮರ ಮಾತ್ರ ಉಳೀಲಿ" ಎಂದರು. ನಾನು ಅದನ್ನು ಸಂಘದ ಪುಸ್ತಕದಲ್ಲಿ ನೀಟಾಗಿ ಬರೆದು, ಪಾಲಾಕ್ಷಪ್ಪನನ್ನು ಕರೆಸಿ ಓದಿ ಹೇಳಿದೆ: "ರಸ್ತೆ ಬದಿಯ ಗಿಡಗಳನ್ನೆಲ್ಲ ತೆಗೆದು ಮರಗಳನ್ನು ಮಾತ್ರ ಉಳಿಸುವುದು." ಅವನಿಗೆ ಓದು ಬರುತ್ತಿರಲಿಲ್ಲ.

ಅವನು ಅಲ್ಲಾಡದೆ ನಿಂತ. "ಗಿಡ ಎಲ್ಲಾನೂ ತೆಗೀಬೇಕೇನ್ರಿ?"

"ಎಲ್ಲಾನೂ."

"ರಸ್ತಿ ಅಗಲ ಮಾಡ್ತಾರಂತ ಅಂತಿದ್ರು. ಅದಕ್ಕೇನ್ರಿ?"

ನಾನು ಕಣ್ಣಿನ ಆಪರೇಶನ್ನಿಗೆ ದಾವಣಗೆರೆಗೆ ಹೊರಟಿದ್ದೆ. ಬಸ್ಸಿನ ಹೊತ್ತಾಗಿತ್ತು, ಸಿಟ್ಟು ನೆತ್ತಿಗೇರಿತು. "ಅದೆಲ್ಲ ನಿನಗ್ಯಾಕೋ ಮಾರಾಯಾ? ಹೇಳಿದಷ್ಟು ಮಾಡು."

"ಒಂದನ್ನರ ಬಿಡ್ಲೇನ್ರಿ, ಮೇಷ್ಟ್ರ?"

ನನ್ನ ತಲೆಯಲ್ಲಿದ್ದದ್ದು ಜಾಲಿ. "ಒಂದು ಬಿಟ್ರ ಮತ್ತ ನೂರು ಹುಟ್ಟತಾವು. ಬುಡಸಮೇತ ತೆಗಿ" ಎಂದೆ.

ಆರನೇ ದಿನ ಕಪ್ಪು ಕನ್ನಡಕ ಹಾಕಿಕೊಂಡು ಆಟೊದಿಂದ ಇಳಿದೆ. ರಸ್ತೆ ಬೋಳಾಗಿ ಕಂಡಿತು. ಕಣ್ಣಿನ ದೋಷವಿರಬೇಕೆಂದು ಕನ್ನಡಕ ತೆಗೆದು ನೋಡಿದೆ. ಕಕ್ಕೆ ಒಂದೂ ಇರಲಿಲ್ಲ. ಮೂವತ್ತನಾಲ್ಕು ಗುಂಡಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಆಳುಗಳನ್ನು ಹಚ್ಚಿ ಕಡಿಸುವಾಗ ಕೇಳಿದವರಿಗೆಲ್ಲ ಪಾಲಾಕ್ಷಪ್ಪ, ಸಂಘದ ಅಪ್ಪಣೆ, ರಸ್ತೆ ಅಗಲಕ್ಕೆ ಎಂದಿದ್ದನಂತೆ. ಸಂಘದ ಶೆಡ್ಡಿನ ಪಕ್ಕದಲ್ಲಿ ಕಾಂಡಗಳನ್ನು ಸಾಲಾಗಿ ಒಟ್ಟಿ, ಮೇಲೆ ತಾಡಪತ್ರಿ ಹೊದಿಸಿತ್ತು. ಪಾಲಾಕ್ಷಪ್ಪ ಅಲ್ಲೇ ಕೂತಿದ್ದ.

"ಮರ ಒಂದೂ ಹಾಳಾಗದಂಗ ಉಳಿಸೀನ್ರಿ" ಎಂದ. ಅವನ ಕಣ್ಣು ಊದಿಕೊಂಡಿದ್ದವು.

ನಮ್ಮ ಕಡೆ ನೆಲದಲ್ಲಿ ನಿಂತದ್ದೆಲ್ಲ ಗಿಡವೇ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಅದನ್ನು ಕಡಿದು ಕೆಡವಿ, ಬಾಗಿಲಿಗೋ ತೊಲೆಗೋ ತಂದಾಗ ಮರ. ನನ್ನ ತಾಯಿ ಹೀಗೇ ಮಾತಾಡುತ್ತಿದ್ದಳು, ನಾನೂ ಹೀಗೇ ಮಾತಾಡಿ ಬೆಳೆದವನು. ಪುಸ್ತಕದ ಕನ್ನಡ ಹೇಳಿ ಹೇಳಿ ನನ್ನ ಕಿವಿ ಮಂದವಾಗಿತ್ತು. ನಾನು ಪೊದೆ ತೆಗಿ ಎಂದಿದ್ದೆ. ಅವನಿಗೆ ಕೇಳಿದ್ದು, ನಿಂತ ಕಕ್ಕೆಯನ್ನೆಲ್ಲ ಕೆಡವಿ ಕಟ್ಟಿಗೆ ಜೋಪಾನ ಮಾಡು ಎಂದು.

ಮರುದಿನ ಸಭೆಯಲ್ಲಿ ಶ್ರೀನಾಥರು ಕೆಂಡವಾದರು. "ಗಿಡ ಯಾವುದು, ಮರ ಯಾವುದು ಅನ್ನೋದೂ ಗೊತ್ತಾಗಲ್ವೇನಯ್ಯಾ ನಿನಗೆ?"

ಪಾಲಾಕ್ಷಪ್ಪನಿಗೆ ಆಗಲೇ ತಿಳಿದದ್ದು. ಕಕ್ಕೆಯನ್ನು ಕಡಿ ಎಂದು ಯಾರೂ ಹೇಳಿರಲಿಲ್ಲ. ನನ್ನ ಕಡೆ ನೋಡಿದ. ತಪ್ಪು ನನ್ನದು, ಇವನು ಮತ್ತೆ ಮತ್ತೆ ಕೇಳಿದ, ನಾನು ಗದರಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಡಾವಣೆಯವರೆಲ್ಲ ಕೂತಿದ್ದರು. ಅಷ್ಟು ಜನರ ಮುಂದೆ ಕನ್ನಡ ಮೇಷ್ಟ್ರಿಗೆ ಕನ್ನಡ ಗೊತ್ತಾಗಲಿಲ್ಲ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿದೆ.

"ತಪ್ಪು ನಂದ ರಿ" ಎಂದ ಪಾಲಾಕ್ಷಪ್ಪ. "ಮೇಷ್ಟ್ರು ಸರಿಯಾಗೇ ಹೇಳಿದ್ರು."

ಅವನನ್ನು ಕೆಲಸದಿಂದ ಬಿಡಿಸಿದರು. ಗುಡೇಕೋಟೆಯಲ್ಲಿ ಹೆಂಡತಿಯ ತಂಗಿ ತಿಪ್ಪೇರುದ್ರಮ್ಮನ ಮನೆಗೆ ಹೋಗಿ ಸೇರಿದನೆಂದು ಕೇಳಿದೆ. ಹೋಗಿ ಹೇಳಿ ಬರಬೇಕು ಎಂದುಕೊಳ್ಳುತ್ತಲೇ ಬೇಸಿಗೆ, ಮಳೆಗಾಲ ಎರಡೂ ಕಳೆದವು. ಬಸ್ಸಿಗೇನೂ ಬರವಿರಲಿಲ್ಲ. ದೀಪಾವಳಿ ಮುಗಿಸಿಕೊಂಡು ಹೋದೆ.

ತಿಪ್ಪೇರುದ್ರಮ್ಮ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನನ್ನ ಹೆಸರು ಕೇಳಿ ಎದ್ದು ನಿಂತಳು.

"ಹೋಗಿಬಿಟ್ರು ರಿ. ನಾಳಿಗೆ ಹದಿನೈದು ದಿನ ಆಗತಾವು." ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಕೊಟ್ಟಳು. "ನನಗ ಓದಾಕ ಬಂದಿದ್ರ ಅಕಿ ಗಿಡ ಉಳೀತಿದ್ವು ಅಂತ ಒಂದ ಸಮನ ಅಂತಿದ್ರು. ನನ್ನ ಮಗಳು ಮೇಘಾನ ಹತ್ರ ಅಕ್ಷರ ಕಲಿಯಾಕ ಕುಂದರ್ತಿದ್ರು, ಆ ವಯಸ್ಸಿನಾಗ."

ಪುಟ ತುಂಬ ಸೊಟ್ಟಸೊಟ್ಟಾಗಿ ಎರಡೇ ಪದ ಬರೆದಿದ್ದ. ಗಿಡ, ಮರ. ಗಿಡ, ಮರ. ಎಂಟು ಪುಟ ಹೀಗೇ ಇತ್ತು.

ನನಗೆ ಅಳು ತಡೆಯಲಾಗಲಿಲ್ಲ. "ಅವನದೇನೂ ತಪ್ಪಿರಲಿಲ್ಲವ್ವಾ. ತಪ್ಪೆಲ್ಲ ನಂದು" ಎಂದೆ.

ಅವಳು ನೋಟ್‌ಬುಕ್ ನನ್ನ ಕೈಯಿಂದ ತೆಗೆದುಕೊಂಡಳು. "ಈ ಮಾತು ಅವ್ರು ಇದ್ದಾಗ ಹೇಳಬೇಕಿತ್ತಲ್ರಿ" ಎಂದಳು.